ಬೀಗದ ಕೋಣೆಗೆ ಎರಡು ಕೊಡ ನೀರು

ಕೂಲರ್ ಮೆಟ್ಟಿಲ ನಡುವೆಯೇ ನಿಂತುಹೋಯಿತು. ಅದನ್ನು ಹಿಡಿದಿದ್ದ ಪರಮೇಶನಿಗೂ ಆಟೋದವನಿಗೂ ಕೈ ಸೋತಿತ್ತು. ಮೇಲಿನ ಮೆಟ್ಟಿಲಲ್ಲಿ ಮನೆಯೊಡತಿ ಶಿವಬಸಮ್ಮ ಸೊಂಟಕ್ಕೆ ಕೈಕೊಟ್ಟು ದಾರಿ ಕಟ್ಟಿದ್ದಳು.

"ಇದರ ಹೊಟ್ಟಿಗೆ ದಿನಾ ಎಷ್ಟು ನೀರು ಬೇಕು?"

"ಮೂರು ಕೊಡ, ಹೆಚ್ಚಂದ್ರ ನಾಕು, ಅಮ್ಮಾ." ಪರಮೇಶನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾಡಿಗೆ ಮನೆಯಲ್ಲಿ ಇರುವವನಿಗೆ ಇದು ದೊಡ್ಡ ಕೊರತೆಯೇ.

"ಬೋರ್ ಅರ್ಧ ತಾಸು ನೀರು ಕೊಟ್ರ ಆಮ್ಯಾಲ ಬರೇ ಗಾಳಿ ಉಗುಳತೈತಿ. ಕುಡಿಯಾಕ, ಬಳಸಾಕ ಸಾಲವಲ್ದು. ಕೂಲರ್ ಬ್ಯಾಡ. ಇಳಸ್ರಿ."

ಕೂಲರ್ ಕೆಳಗಿಳಿಯಿತು, ಗದ್ವಾಲಿನ ಬಿಸಿಲು ಇಳಿಯಲಿಲ್ಲ. ಮಹಡಿಯ ಆ ಒಂದೂವರೆ ಕೋಣೆಯ ಮೇಲೆ ಬರೀ ತಾರಸಿ. ಬೆಳಿಗ್ಗೆ ಹತ್ತಕ್ಕೆಲ್ಲ ಅದು ರೊಟ್ಟಿಯ ಹಂಚಿನಂತೆ ಕಾದು ಕೂರುತ್ತಿತ್ತು. ಫ್ಯಾನು ಪಾಪ, ಇದ್ದ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಪರಮೇಶನ ಹೆಂಡತಿ ಗಂಗಾಂಬಿಕಾ ತನ್ನ ಮಟ್ಟಿಗೆ ಹೇಗೋ ತಡೆದುಕೊಂಡಾಳು. ಆದರೆ ಐದು ತಿಂಗಳ ಕೂಸಿನ ಕುತ್ತಿಗೆ, ಬೆನ್ನೆಲ್ಲ ಬೆವರುಸಾಲೆ ಎದ್ದಿತ್ತು. ಮೂರು ದಿನದಿಂದ ಅದು ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಗಂಗಾಂಬಿಕಾಳ ಹೊಟ್ಟೆ ಉರಿಸಿದ್ದು ಇನ್ನೊಂದು ಸಂಗತಿ. ನೀರಿಲ್ಲ ಎಂದ ಇದೇ ಶಿವಬಸಮ್ಮ ದಿನಾ ಮುಂಜಾನೆ ಎರಡು ತುಂಬಿದ ಕೊಡಗಳನ್ನು ಕೆಳಗಿನ ಬೀಗದ ಕೋಣೆಗೆ ಒಯ್ಯುತ್ತಿದ್ದಳು. ಹೊರಗೆ ಬರುವಾಗ ಕೊಡ ಖಾಲಿ, ಬಾಗಿಲಿಗೆ ಮತ್ತೆ ಬೀಗ. ಒಳಗೆ ಎಮ್ಮೆ ಕಟ್ಟಿದ್ದಾಳೋ ಮಲ್ಲಿಗೆ ಬಳ್ಳಿ ಬೆಳೆಸಿದ್ದಾಳೋ, ಶಿವನೇ ಬಲ್ಲ. ಒಂದನೇ ತಾರೀಖಿಗೆ ಮನೆ ಬಿಡುತ್ತೇವೆ ಎಂದು ಪರಮೇಶ ಹೇಳಿದಾಗಲೂ ಮುದುಕಿ "ಆತು, ಬಿಡ್ರಿ" ಎಂದಳಷ್ಟೇ.

ಮರುದಿನ ಪರಮೇಶ ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನ ಕರೆಂಟು ಹೋಯಿತು. ಕೂಸು ಅತ್ತು ಅತ್ತು ಧ್ವನಿ ಕಟ್ಟಿಕೊಂಡಿತು. ಗಂಗಾಂಬಿಕಾ ಅದನ್ನು ಎತ್ತಿಕೊಂಡು ದಡದಡ ಕೆಳಗಿಳಿದಳು. ಅವಳ ಕಣ್ಣಲ್ಲೂ ನೀರಿತ್ತು.

"ಆ ಬೀಗದ ಖೋಲ್ಯಾಗ ಯಾರದಾರ್ರೀ ಅಮ್ಮಾ? ನನ್ನ ಕೂಸಿಗಿಂತ ಹೆಚ್ಚಿನವರು ಯಾರದಾರ, ನನಗೂ ತೋರಸ್ರಿ."

ಶಿವಬಸಮ್ಮ ಕೂಸಿನ ಕುತ್ತಿಗೆಯ ಕೆಂಪನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಆಮೇಲೆ ಸೊಂಟದಲ್ಲಿದ್ದ ಕೀಲಿಕೈ ತೆಗೆದಳು.

ಬಾಗಿಲು ತೆರೆದದ್ದೇ ಹಸಿ ಮಣ್ಣಿನ ವಾಸನೆ ಬಂತು. ತಂಪಿನಿಂದ ಗಂಗಾಂಬಿಕಾಳ ಮೈ ಜುಮ್ಮೆಂದಿತು. ಮಣ್ಣಿನ ನೆಲ, ಅದರಲ್ಲಿ ತೋಡಿದ ಗುಂಡಿ, ಗುಂಡಿಯ ಮೇಲೆ ಮಗ್ಗ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಅರಿಷಿಣ ಬಣ್ಣದ ಒಡಲು, ಕೆಂಪು ಅಂಚು. ಎಲ್ಲೂ ಒಂದು ಚೂರು ಧೂಳಿಲ್ಲ.

"ಯಜಮಾನರದು," ಎಂದಳು ಶಿವಬಸಮ್ಮ. "ಅವರು ಹೋಗಿ ಮೂರು ಬ್ಯಾಸಗಿ ಆತು. ನೆಲ ಒಣಗಿದ್ರ ಎಳಿ ಒಣಗತಾವ. ಒಣಗಿದ ಎಳಿ ಪಟ್ ಅಂತ ಹರೀತಾವ. ಅದಕ್ಕ ನೀರು."

"ನೀವ ನೇಯ್ದು ಮುಗಸಬಹುದಿತ್ತಲ್ರೀ?"

"ಇದು ಒಬ್ಬರ ಕೈಲಿ ಆಗೂ ಕೆಲಸ ಅಲ್ಲ ತಂಗಿ. ಒಡಲು ಹತ್ತಿದು, ಅಂಚು ರೇಷ್ಮಿದು. ಎಳಿ ಒಯ್ಯೂ ಲಾಳಿ ಬ್ಯಾರೆ ಬ್ಯಾರೆ. ಈ ಕಡಿ ಅಂಚಿನ ಲಾಳಿ ನಂದು, ಉಳಿದದ್ದು ಅವರದು. ನಾ ಎಳಿ ತಂದು ಕೊಡಬೇಕು, ಅವರು ಅದಕ್ಕ ತಮ್ಮ ಎಳಿ ಕೊಂಡಿ ಹಾಕಬೇಕು." ಅವಳು ಅಂಚಿನ ಮೇಲೆ ಕೈಯಾಡಿಸಿದಳು. "ಮೂವತ್ತೆಂಟು ವರ್ಷದಾಗ ಅವರ ಮಾತಿಗಿಂತ ಲಾಳಿ ಸಪ್ಪಳ ಕೇಳಿದ್ದ ಹೆಚ್ಚು. ಈಗ ಮನಿಯೊಳಗ ಆ ಸಪ್ಪಳ ಇಲ್ಲ. ಭಾಳ ಬ್ಯಾಸರ ಆಗತೈತಿ."

ಗಂಗಾಂಬಿಕಾ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಂತೆ ಶಿವಬಸಮ್ಮ ಗುಂಡಿಯ ಅಂಚು ತೋರಿಸಿದಳು.

"ಇಲ್ಲಿ ಕುಂದರು. ಕಾಲು ಗುಂಡಿಯಾಗ ಇಳಿಬಿಡು."

"ಇದು ಅವರು ಕುಂದರೂ ಜಾಗ ಅಲ್ಲೇನ್ರೀ?"

"ಹೌದು. ಕುಂದರು."

ಅವಳು ಕೂತಳು. ಅಂಗಾಲಿನಿಂದ ತಂಪು ಮೇಲೇರಿತು. ತೊಡೆಯ ಮೇಲಿನ ಕೂಸು ಎರಡು ಸಲ ಬಿಕ್ಕಿ, ಬಾಯಿ ಚಪ್ಪರಿಸಿ, ಮೂರು ದಿನದ ನಿದ್ದೆಯನ್ನು ಒಟ್ಟಿಗೇ ಮಾಡುವವರಂತೆ ಮಲಗಿಬಿಟ್ಟಿತು. ಶಿವಬಸಮ್ಮ ಪಕ್ಕದ ತನ್ನ ಹಳೆಯ ಜಾಗದಲ್ಲಿ ಕುಳಿತಳು. ಆಮೇಲೆ ಮುದುಕಿಯ ಕೈ ತಾನಾಗಿ ಲಾಳಿಗೆ ಹೋಯಿತು. ಕೆಂಪು ಎಳೆ ಅಂಚಿನೊಳಗೆ ಹಾದು, ಒಡಲು ಶುರುವಾಗುವ ಕಡೆ ಬಂದು ನಿಂತಿತು. ಅಲ್ಲಿಂದ ಮುಂದೆ ಅದನ್ನು ತೆಗೆದುಕೊಳ್ಳುವ ಕೈ ಇರಲಿಲ್ಲ.

ಗಂಗಾಂಬಿಕಾ ಅದನ್ನೇ ನೋಡುತ್ತಿದ್ದಳು. ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

"ನನಗ ಬರಂಗಿಲ್ರೀ ಅಮ್ಮಾ."

"ನನಗರ ಎಲ್ಲಿ ಬರ್ತಿತ್ತು," ಎಂದಳು ಶಿವಬಸಮ್ಮ, ಮಲಗಿದ್ದ ಕೂಸನ್ನು ನೋಡುತ್ತ. "ಬಿಸಲಿಗೆ ತಡೀಲಾರದ ನನ್ನ ಕೂಸು ಮಲಗಸಾಕ ಅಂತ ಇಲ್ಲಿ ಬಂದು ಕುಂತಾಕಿ ನಾನೂ."