ಖಾಲಿ ಕ್ಯಾನು

ಕಾಲುವೆ ದಂಡೆಯ ಮೇಲೆ ಹುಲುಗಮ್ಮ ಎದುರಾದದ್ದೇ ತಡ, ಖೈರುನಬಿ ಹಾಲಿನ ಕ್ಯಾನನ್ನು ಕಾಣುವ ಹಾಗೆ ಮುಂದಕ್ಕೆ ಹಿಡಿದಳು. ಶುಗರ್ ಇಳಿಯಬೇಕಾದರೆ ದಿನಾ ಮುಂಜಾನೆ ನಡೆಯಲೇಬೇಕು ಎಂದಿದ್ದರು ಡಾಕ್ಟರು. ಅವರಿಗೇನು, ಹೇಳುತ್ತಾರೆ. ಸಿರಿಗೇರಿಯಲ್ಲಿ ಹೆಂಗಸೊಬ್ಬಳು ಕೆಲಸವಿಲ್ಲದೆ ತಿರುಗಿದರೆ ಊರ ಬಾಯಿಗೆ ಬೀಳುತ್ತಾಳೆ. ಕೈಯಲ್ಲಿ ಕ್ಯಾನಿದ್ದರೆ ಯಾರೂ ಏನೂ ಅನ್ನುವುದಿಲ್ಲ.

"ಎಲ್ಲಿಗೆ ಹೊಂಟೀಯಕ್ಕಾ?" ಎಂದಳು ಹುಲುಗಮ್ಮ.

"ಡೇರಿಗೆ, ಹಾಲು ತರಾಕ. ನೀನು?"

ಹುಲುಗಮ್ಮ ತನ್ನ ಕ್ಯಾನನ್ನೂ ಎತ್ತಿ ತೋರಿಸಿದಳು. "ನಾನೂ ಡೇರಿಗೇ."

ಒಬ್ಬಳು ಮೂಡಲಕ್ಕೆ, ಒಬ್ಬಳು ಪಡುವಲಕ್ಕೆ ನಡೆದರು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಖೈರುನಬಿ ನಿಂತಳು. ಊರಿಗೆಲ್ಲ ಇರುವುದು ಒಂದೇ ಡೇರಿ. ತಿರುಗಿ ನೋಡಿದರೆ ಹುಲುಗಮ್ಮನೂ ನಿಂತಿದ್ದಳು.

"ನಿಂದೆಷ್ಟೈತಿ ಶುಗರು?" ಖೈರುನಬಿ ಮೆಲ್ಲಗೆ ಕೇಳಿದಳು.

"ಮುನ್ನೂರಾ ಹತ್ತು."

ಖೈರುನಬಿ ಹಿಂದಕ್ಕೆ ಬಂದು ಅವಳ ಜೊತೆ ಹೆಜ್ಜೆ ಹಾಕುತ್ತಾ ಅಂದಳು:

"ನಾಳಿಂದ ಇಬ್ಬರಿಗೂ ಒಂದ ಕ್ಯಾನು ಸಾಕು ಬಿಡು."