ಇಮಾಮರ ಕಾಲರ್

ಕೈ ಎತ್ತಿ ನಮಾಜ್ ಶುರು ಮಾಡಬೇಕಿದ್ದ ಇಮಾಮರು ಹಿಂದಿನಿಂದ ಒಂದು ಕೆಮ್ಮು ಬರಲೆಂದು ಕಾಯುತ್ತ ನಿಂತರು. ಕೆಮ್ಮಬೇಕಾದ ದರ್ಜಿ ಅವರ ಎದುರಿಗೇ, ಬಿಳಿ ಬಟ್ಟೆಯೊಳಗೆ ಮಲಗಿದ್ದ.

ಮೂವತ್ತು ವರ್ಷ ಅವನು ನಿಂತದ್ದು ಇಮಾಮರ ಬೆನ್ನ ಹಿಂದೆಯೇ. ಅವರ ಜುಬ್ಬದ ಕಾಲರ್ ಮಡಚಿಕೊಂಡಿದ್ದರೆ ನಮಾಜಿಗೆ ಮುಂಚೆ ಒಮ್ಮೆ ಕೆಮ್ಮುತ್ತಿದ್ದ, ಇವರು ಸರಿಮಾಡಿಕೊಳ್ಳುತ್ತಿದ್ದರು. "ಇಮಾಮ್ ಅಂದ್ರೆ ಮುಂದೆ ನಿಲ್ಲೋನು ಅಂತ ಅರ್ಥ ಹೇಳ್ಕೊಟ್ಟೋನು ನೀನೇ. ಮುಂದೆ ನಿಂತೋನಿಗೆ ತನ್ನ ಬೆನ್ನು ಕಾಣುತ್ತೇನಯ್ಯಾ? ಅದನ್ನ ನೋಡ್ಕೊಳ್ಳೋಕೇ ನಾನಿರೋದು," ಎಂದು ಅಂಗಡಿಯಲ್ಲಿ ಸೂಜಿ ಕಚ್ಚಿಕೊಂಡೇ ನಗುತ್ತಿದ್ದ.

"ದೊಡ್ಡಪ್ಪ, ನಿಮ್ಮ ಕೈಲಿ ಆಗ್ತಿಲ್ಲ ಅಂದ್ರೆ ಬೇರೆ ಯಾರಾದ್ರೂ ಮುಂದೆ ನಿಲ್ತಾರೆ ಬಿಡಿ," ಎಂದ ದರ್ಜಿಯ ಮಗ. ಅವನು ಇವತ್ತು ಅಪ್ಪನ ಜಾಗದಲ್ಲಿ ನಿಂತಿದ್ದ.

"ಬೇಡಪ್ಪ. ನಾನೇ ನಿಲ್ತೀನಿ."

ಗೆಳೆಯನಿಗೆ ಹೆಗಲು ಕೊಟ್ಟು ತರುವಾಗಲೇ ಕಾಲರ್ ಒಳಗೆ ಮಡಚಿಕೊಂಡಿತ್ತು, ಕುತ್ತಿಗೆಗೆ ಒತ್ತುತ್ತಿತ್ತು. ಸರಿಮಾಡಲು ಹೋದ ಕೈಯನ್ನು ಇಮಾಮರು ಅರ್ಧದಲ್ಲೇ ತಡೆದು, ಇನ್ನೊಂದು ಗಳಿಗೆ ಕಾದರು. ಆಮೇಲೆ ಕಾಲರನ್ನು ಹಾಗೇ ಬಿಟ್ಟು, ಎರಡೂ ಕೈಗಳನ್ನು ಕಿವಿಯವರೆಗೆ ಎತ್ತಿದರು.