ಅಡ್ಡ ಬಂದ ಕೈ

ಮಹಾನಂದಾ ಬಡಿಯುತ್ತಿದ್ದ ರೊಟ್ಟಿ ಇನ್ನೂ ಅಂಗೈಯಗಲ ಆಗಿತ್ತಷ್ಟೆ, ಮಗಳು ಸಾಕ್ಷಿ ಮತ್ತೆ ಬಂದು ಒಲೆಯ ಮುಂದೆ ನಿಂತಳು. "ಯವ್ವಾ, ನನ್ನ ಕರಾಟೆ ಬೆಲ್ಟ್ ಎಲ್ಲೈತಿ? ಇಂಡಿಗೆ ಹೋಗೂ ಬಸ್ ಬರೂ ಹೊತ್ತಾತು. ಬೆಲ್ಟ್ ಇಲ್ಲಂದ್ರ ಸ್ಪರ್ಧಾದಾಗ ನಿಲ್ಲಾಕ ಬಿಡಂಗಿಲ್ಲ."

"ನನಗೇನ್ ಗೊತ್ತು? ನಿನ್ನ ಸಾಮಾನ ಕಾಯಾಕ ಕುಂತೇನೇನು?"

ಕಟ್ಟೆಯ ಮೇಲಿದ್ದ ಅತ್ತೆ ಸೀತವ್ವ ನಕ್ಕಳು. "ಛಲೋ ಆತು ಬಿಡು. ಗಂಡುಹುಡುಗರ ಮುಂದ ಕಾಲೆತ್ತಿ ಒದಿಯೂ ಹುಡುಗಿನ್ನ ಯಾರು ಮನಿ ತುಂಬಿಸ್ಕೋತಾರ?"

ಸಾಕ್ಷಿ ಅಜ್ಜಿಯ ಕಡೆ ನೋಡಲೇ ಇಲ್ಲ. "ನಿನ್ನೆ ನೀನ ಒಗದು ಒಣಹಾಕಿದ್ದಿ, ಯವ್ವಾ. ಸುಳ್ಳ್ಯಾಕ ಹೇಳ್ತಿ?"

ಮಹಾನಂದಾ ಎದ್ದ ರಭಸಕ್ಕೆ ಅವಳ ಹಿಟ್ಟಿನ ಕೈಯೂ ಎದ್ದಿತು. ಅದು ಕೆನ್ನೆ ಮುಟ್ಟುವ ಮೊದಲೇ ಸಾಕ್ಷಿಯ ಮುಂಗೈ ತಾನಾಗಿ ಮೇಲೆ ಬಂದು ಅಡ್ಡ ನಿಂತಿತು.

"ನೋಡಿದ್ಯಾ? ತಾಯಿಗೇ ಕೈ ಎತ್ತಾಕ ಕಲ್ತಾಳ!" ಎಂದಳು ಸೀತವ್ವ.

ಸಾಕ್ಷಿ ತನ್ನ ಕೈಯನ್ನೇ ದಿಗಿಲಿನಿಂದ ನೋಡಿದಳು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಕಣ್ಣು ಮುಚ್ಚಿದಳು. "ತಪ್ಪಾತವ್ವ. ಈಗ ಹೊಡಿ, ಅಡ್ಡ ಹಿಡಿಯಂಗಿಲ್ಲ."

ಆ ಮುಚ್ಚಿದ ಕಣ್ಣುಗಳನ್ನು ನೋಡುವುದೂ ಮಹಾನಂದಾಳಿಗೆ ಆಗಲಿಲ್ಲ. ಅತ್ತೆಯ ಮಾತಿಗೆ ಅಂಜಿ ಬೆಲ್ಟನ್ನು ತೊಗರಿ ಚೀಲದ ಹಿಂದೆ ತುರುಕಿದ್ದು ತನ್ನ ಇದೇ ಕೈ. ಮೊದಲೇ ಹಂಚಿಗೆ ಹಾಕಿದ್ದ ರೊಟ್ಟಿ ಸೀಯುತ್ತಿತ್ತು.

"ಹೋಗು, ಮುಖ ತೊಳಕೊಂಡು ಬಾ" ಎಂದಷ್ಟೇ ಅಂದಳು. ಮಗಳು ಬಚ್ಚಲಿನಿಂದ ಬರುವಷ್ಟರಲ್ಲಿ ಬೆಲ್ಟು ಅವಳ ಬ್ಯಾಗಿನಲ್ಲಿರಬೇಕು. ಅತ್ತೆ ನೋಡಿದರೆ ನೋಡಲಿ.